ಅನಿಲ ಸೋರಿಕೆಗೊಂದು ನಮೂನೆ

ನಾನು ಓದಿದ್ದು ಇತಿಹಾಸ, ವಡೋದರಾದಲ್ಲಿ. ಯಾರ ಮಾತನ್ನೂ ಪೂರ್ತಿ ನಂಬಬಾರದು ಎಂಬುದೊಂದನ್ನು ಬಿಟ್ಟು ಅಲ್ಲಿ ಕಲಿತದ್ದೆಲ್ಲ ಮರೆತುಹೋಗಿದೆ. ಆಮೇಲೆ ಅಹಮದಾಬಾದಿನಲ್ಲಿ ಹೊಟ್ಟೆಪಾಡಿಗೆ ವೆಬ್‌ಸೈಟ್ ಕಟ್ಟುವ ಕೆಲಸಕ್ಕಿಳಿದೆ. ಮುಂದೆ ಹೇಳುವುದನ್ನೂ ನೀವು ಪೂರ್ತಿ ನಂಬಬೇಕಾಗಿಲ್ಲ.

ಸೂರತ್ ಪಕ್ಕದ ಸಚಿನ್‌ನಲ್ಲಿ ಬಣ್ಣದ ರಾಸಾಯನಿಕ ತಯಾರಿಸುವ ಕಾರ್ಖಾನೆಯೊಂದಿತ್ತು. ಅದರ ಸುರಕ್ಷತಾ ಅಧಿಕಾರಿ ಧಾರವಾಡದವರು. ಯಂತ್ರಗಳ ಗದ್ದಲದಲ್ಲಿ ಅಲ್ಲಿನ ಸೈರನ್ ಯಾರಿಗೂ ಕೇಳುತ್ತಿರಲಿಲ್ಲ. ಅಪಾಯ ಬಂದರೆ ಹೊರಗೋಡುವ ಎರಡು ಅಣಕು ಕವಾಯತುಗಳಲ್ಲಿ ಒಬ್ಬ ಕೆಲಸಗಾರನೂ ಹೊರಗೆ ಬರಲಿಲ್ಲ. ಮೂರನೆಯದೂ ಕೆಟ್ಟರೆ ಅವರನ್ನು ಗೋದಾಮಿಗೆ ಹಾಕುವುದೆಂದು ಮ್ಯಾನೇಜರ್ ಹೇಳಿಯಾಗಿತ್ತು.

"ಅಲ್ಲಿ ಡ್ರಮ್ ಎಣಿಸ್ಕೋತ ಕುಂದ್ರಬೇಕಾಗ್ತದ್ರೀ. ಇಪ್ಪತ್ತು ವರ್ಷ ಮಂದಿ ಜೀವ ಕಾಯ್ದಾಂವ ನಾನು" ಎಂದರು ಅವರು.

ಅದಕ್ಕಾಗಿ ನಾನು ವೆಬ್‌ಸೈಟಿನಲ್ಲಿ ಒಂದು ಕೆಂಪು ಗುಂಡಿ ಮಾಡಿಕೊಡಬೇಕಿತ್ತು. ಒತ್ತಿದರೆ ಕೆಲಸಗಾರರೆಲ್ಲರ ಮೊಬೈಲಿಗೆ ಸಂದೇಶ ಹೋಗಬೇಕು. ಗುಂಡಿಗೆ ಒಂದು ಮಧ್ಯಾಹ್ನ ಸಾಕಾಯಿತು. ಅದನ್ನು ಮೊಬೈಲ್ ಕಂಪನಿಗಳಿಗೆ ಜೋಡಿಸಲು ಮೂರು ತಿಂಗಳು ಹಿಡಿಯಿತು, ಅಥವಾ ನನ್ನ ನೆನಪಿನಲ್ಲಿ ಮೂರು ತಿಂಗಳು.

ಹೀಗೆ ಸಂದೇಶ ಕಳಿಸುವವರು ಮೊದಲು ತಮ್ಮ ಹೆಸರು ನೋಂದಾಯಿಸಬೇಕು, ಆಮೇಲೆ ಸಂದೇಶದ ನಮೂನೆಯನ್ನು. ಒಪ್ಪಿಗೆಯಾದ ನಮೂನೆಗಿಂತ ಒಂದು ಚುಕ್ಕೆ ಆಚೀಚೆಯಾದರೂ ಸಂದೇಶ ದಾರಿಯಲ್ಲೇ ಸಾಯುತ್ತದೆ. ನಮ್ಮ ನಮೂನೆ ಗುಜರಾತಿಯಲ್ಲಿತ್ತು: ಅನಿಲ ಸೋರಿದೆ, ಈಗಲೇ ಹೊರಗೆ ಬನ್ನಿ. ಅರ್ಜಿ ನೋಡಿದ ಯಾರೋ ಪುಣ್ಯಾತ್ಮ ಅದನ್ನು ಜಾಹೀರಾತಿನ ಪಟ್ಟಿಗೆ ಸೇರಿಸಿದ. 'ಈಗಲೇ ಬನ್ನಿ' ಎಂದದ್ದು ಸೀರೆ ಅಂಗಡಿಯ ರಿಯಾಯಿತಿಯ ಹಾಗೆ ಕಂಡಿತೋ ಏನೋ. ಜಾಹೀರಾತನ್ನಾದರೆ ಹಗಲುಹೊತ್ತಿನಲ್ಲಷ್ಟೇ ಕಳಿಸಬಹುದು.

"ಅಂದ್ರ ಗ್ಯಾಸಿಗೆ ಆಫೀಸ್ ಟೈಮಿಂಗ್ ಹೇಳಿಕೊಡ್ಬೇಕೇನ್ರೀ ನಾನು?" ಎಂದು ಅಧಿಕಾರಿ ಫೋನಿನಲ್ಲಿ ಕೂಗಿದರು.

ವಾದ ಮಾಡಿ, ಪತ್ರ ಬರೆದು, ಕಡೆಗೆ ಗೆದ್ದೆವು. ಗೇಟಿನ ಹೊರಗಿದ್ದ ಆಡಳಿತ ಕಚೇರಿಯಲ್ಲಿ ಪರೀಕ್ಷಿಸಿದಾಗ ಗುಮಾಸ್ತರ ಫೋನುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಅಧಿಕಾರಿ ನನಗೆ ಸೂರತ್ತಿನ ಸಿಹಿತಿಂಡಿ ಘಾರಿ ತರಿಸಿ ತಿನ್ನಿಸಿದರು.

ಮೂರನೆಯ ಕವಾಯತಿನ ದಿನ ಮ್ಯಾನೇಜರ್ ಗಡಿಯಾರ ಹಿಡಿದು ಕೂತ. ಅಧಿಕಾರಿ ಗುಂಡಿ ಒತ್ತಿದರು. ಪರದೆಯ ಮೇಲೆ ಒಂದೊಂದೇ ಹೆಸರಿನ ಮುಂದೆ 'ತಲುಪಿದೆ' ಎಂದು ಮೂಡತೊಡಗಿತು. ಒಂದೂ ತಪ್ಪಲಿಲ್ಲ. ಕೆಲಸಗಾರರು ಬಂದು ಸೇರಬೇಕಿದ್ದ ಅಂಗಳವನ್ನು ಕಿಟಕಿಯಿಂದ ನೋಡಿದೆವು. ಅಲ್ಲೊಂದು ನಾಯಿ ಮಲಗಿತ್ತು.

ಅಷ್ಟರಲ್ಲಿ ಗೇಟಿನ ಕಾವಲುಗಾರ ಏದುಸಿರು ಬಿಡುತ್ತ ಬಂದ. "ಸಾಹೇಬ್, ಬಧಾ ಫೋನ್ ಗಾಂಡಾ ಥಈ ಗಯಾ!" ಫೋನುಗಳಿಗೆಲ್ಲ ಹುಚ್ಚು ಹಿಡಿದಿದೆ ಎಂದ.

ಕಿಡಿಯ ಭಯದಿಂದ ಆ ಕಾರ್ಖಾನೆಯೊಳಗೆ ಸಾಮಾನ್ಯ ಮೊಬೈಲ್ ಒಯ್ಯುವಂತಿಲ್ಲ. ಪ್ರತಿಯೊಬ್ಬನೂ ತನ್ನ ಫೋನನ್ನು ಗೇಟಿನಲ್ಲಿ ಕೊಟ್ಟು ಒಳಗೆ ಹೋಗುತ್ತಾನೆ. ಕಾವಲುಗಾರನ ಕೋಣೆಯ ಗೂಡುಗಳಲ್ಲಿ ಅಷ್ಟೂ ಫೋನುಗಳು ಕುಣಿಯುತ್ತ, ಹೊರಗೆ ಬನ್ನಿ ಹೊರಗೆ ಬನ್ನಿ ಎಂದು ಒಂದನ್ನೊಂದು ಕರೆಯುತ್ತಿದ್ದವು. ಮೇಲೆ ನೇತುಹಾಕಿದ್ದ ನಿಯಮದ ಕೆಳಗೆ ನಮ್ಮ ಅಧಿಕಾರಿಯದೇ ಸಹಿ.

ಅವರು ಹೆಲ್ಮೆಟ್ಟನ್ನೂ ಮರೆತು ಒಳಗೋಡಿದರು. ಒಂದೊಂದೇ ಶೆಡ್ಡಿಗೆ ನುಗ್ಗಿ, "ಹೊರಗ ನಡೀರಲೇ!" ಎಂದು ಕೂಗಿದರು. ಕನ್ನಡ ಬಾರದ ಒಡಿಶಾದವರು, ಬಿಹಾರದವರೆಲ್ಲ ಆ ಮುಖ ನೋಡಿಯೇ ಹೊರಗೆ ಬಂದರು. ಆದರೆ ಸಮಯ ಮೀರಿತ್ತು.

ಮರುದಿನ ಮ್ಯಾನೇಜರ್ ನನ್ನಿಂದ ಪತ್ರ ಕೇಳಿದ. ಕೆಲಸಗಾರರ ಫೋನ್ ಎಲ್ಲಿರುತ್ತದೆಂದು ನೀನು ವಿಚಾರಿಸಿದ್ದೆಯಾ? ವಿಚಾರಿಸಿದ್ದೆ ಎಂದರೆ ತಪ್ಪು ಅಧಿಕಾರಿಯದು, ಅವರು ಗೋದಾಮಿಗೆ.

ವಿಚಾರಿಸಿದ್ದೆ. ಚೆನ್ನಾಗಿ ನೆನಪಿದೆ. ಅವರು ತಮ್ಮ ಕೋಣೆಯಲ್ಲಿ ಖಾರಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, "ಮತ್ತೆಲ್ಲಿರ್ತಾವ್ರೀ, ಕಿಸೆದಾಗ" ಎಂದಿದ್ದರು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಆದರೆ ಪತ್ರ ಬರೆಯಲು ಅದೇ ಕೋಣೆಯಲ್ಲಿ ಕೂತು ತಲೆಯೆತ್ತಿದರೆ ಅಲ್ಲಿ ಫ್ಯಾನಿರಲಿಲ್ಲ, ಫ್ಯಾನಿನ ಕೊಂಡಿಯೂ ಇರಲಿಲ್ಲ. ಕಿರುಗುಟ್ಟುವ ಫ್ಯಾನು ಅಹಮದಾಬಾದಿನ ನನ್ನ ಕಚೇರಿಯದು. ಫ್ಯಾನನ್ನೇ ಸೂರತ್ತಿಗೆ ಸಾಗಿಸಿದ ತಲೆ ಒಂದು ವಾಕ್ಯವನ್ನು ಕಟ್ಟಲಾರದೇ? ಟಿಪ್ಪಣಿ ಪುಸ್ತಕದಲ್ಲೂ ಏನೂ ಸಿಗಲಿಲ್ಲ.

"ಏನ್ ಬರೀಲಿಕ್ಕ ಹತ್ತೀರಿ?" ಬಾಗಿಲಲ್ಲಿ ಅಧಿಕಾರಿ ನಿಂತಿದ್ದರು.

"ಕೇಳಿದ್ನೋ ಇಲ್ವೋ ಖಾತ್ರಿ ಇಲ್ಲ ಅಂತ."

"ಖರೇನ ಖಾತ್ರಿ ಇಲ್ಲೋ, ನನ್ನ ಉಳಸಾಕ ಹತ್ತೀರೋ?"

"ಅದೂ ಖಾತ್ರಿ ಇಲ್ಲ."

ಇನ್ನೊಂದು ಸಾಲು ಸೇರಿಸಿದೆ: ನಾನು ಆರು ಸಲ ಒಳಗೆ ಹೋಗಿದ್ದೇನೆ, ಆರು ಸಲವೂ ನನ್ನ ಫೋನನ್ನು ಗೇಟಿನಲ್ಲಿ ಕೊಟ್ಟಿದ್ದೇನೆ, ಗೇಟಿನ ಪುಸ್ತಕದಲ್ಲಿ ನನ್ನ ಸಹಿ ಇದೆ. ಮ್ಯಾನೇಜರ್ ಓದಿ ನನ್ನನ್ನು ಕತ್ತೆಯನ್ನು ನೋಡುವ ಹಾಗೆ ನೋಡಿದ. ಅಧಿಕಾರಿಗೆ ಇನ್ನೊಂದು ಅವಕಾಶ ಕೊಟ್ಟ.

ಒಳಗೆ ಒಯ್ಯಬಹುದಾದ, ಕಿಡಿ ಹಾರದ ಕಂಪನಿಯ ಫೋನುಗಳು ಮೇಸ್ತ್ರಿಗಳ ಬಳಿ ಮಾತ್ರ ಇದ್ದವು; ಆ ನಂಬರುಗಳು ನಮ್ಮ ಪಟ್ಟಿಯಲ್ಲಿರಲಿಲ್ಲ. ಹಳೆಯ ಪಟ್ಟಿ ಅಳಿಸಿ ಅವುಗಳನ್ನಷ್ಟೇ ಹಾಕಿದೆ. ನಾಲ್ಕನೆಯ ಕವಾಯತಿನಲ್ಲಿ ಮೇಸ್ತ್ರಿಗಳು ಫೋನ್ ನೋಡಿ, ತಂತಮ್ಮ ಶೆಡ್ಡಿನವರನ್ನೆಲ್ಲ ದಬ್ಬಿಕೊಂಡು ಹೊರಗೆ ತಂದರು. ನಾಯಿಗೆ ಮಲಗಲು ಜಾಗವಿರಲಿಲ್ಲ.

ಅವತ್ತು ಅಧಿಕಾರಿ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದರು. ರೈಲು ಹೊರಡುವಾಗ ಕಿಟಕಿಗೆ ಬಗ್ಗಿ ಮೆಲ್ಲಗೆ ಹೇಳಿದರು:

"ಕಿಸೆದಾಗ ಅಂತ ನಾನ ಅಂದಿದ್ದೆ ಕಾಣ್ತದ್ರೀ. ಖಾರಿ ತಿನ್ನೋವಾಗ ನಾ ಏನೇನೋ ಅಂತೀನಿ. ಎಲ್ಲೂ ಬರೀಬ್ಯಾಡ್ರಿ ಮತ್ತ."

ಈವರೆಗೆ ಬರೆದಿರಲಿಲ್ಲ.