ಕೃಷ್ಣಾ ಸೇತುವೆಯ ಮೇಲೆ ಅವ್ವನ ಹೂವಿನ ಚೀಲ

ಇವತ್ತು ನಮ್ಮವ್ವ ಬಸ್ಸಿನಲ್ಲೇ ಜಗಳ ತೆಗೆದಳು, ಗೆಳೆಯರೇ. ಮಾನ್ವಿಯಿಂದ ರಾಯಚೂರಿಗೆ ಬಂದು, ತೆಲಂಗಾಣದಲ್ಲಿರುವ ತಂಗಿಯ ಊರಿನ ಬಸ್ಸು ಹತ್ತಿದ್ದೆವು. ಕೃಷ್ಣಾ ಸೇತುವೆ ಬಂದ ಕೂಡಲೇ ಅವ್ವ, ದೇವರ ಒಣಹೂವು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕಿಟಕಿಯಿಂದ ಎಸೆಯಲು ಕೈ ಎತ್ತಿದಳು. ಪಕ್ಕದಲ್ಲಿ ಕೂತಿದ್ದ, ಕನ್ನಡವೂ ಬಲ್ಲ ತೆಲುಗು ಹೆಂಗಸು ಆ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು.

"ಕೈ ಬಿಡು ಯವ್ವಾ! ದೇವರ ಹೂವು ಹೊಳಿಗೇ ಬಿಡಬೇಕು. ಹೊಳಿ ನಿಮ್ಮ ರಾಜ್ಯದ್ದೇನು?" ಎಂದು ಅವ್ವ ರೇಗಿದಳು.

"ನಮ್ಮದಷ್ಟೇ ಅಲ್ಲಕ್ಕಾ, ನಿಮ್ಮದಷ್ಟೇನೂ ಅಲ್ಲ. ಈ ಹೊಳಿ ಸಮುದ್ರ ಸೇರೋ ಕಡಿ ನನ್ನ ಮಗಳನ್ನ ಕೊಟ್ಟೀನಿ. ಅಳಿಯ ಮೀನು ಹಿಡೀತಾನ. ಬಲಿ ಎಳೆದ್ರ ಮೀನಿಗಿಂತ ಇಂಥ ಚೀಲನೇ ಜಾಸ್ತಿ ಬರ್ತಾವಂತ. ಮೊನ್ನಿ ಫೋನಿನಾಗ ಅಳಾಕತ್ತಿದ್ಲು."

ಅವ್ವ ಎತ್ತಿದ ಕೈ ಇಳಿಸಿದಳು. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, "ಆಕಿಗೆ ಮಕ್ಕಳೆಷ್ಟು?" ಎಂದು ಕೇಳಿದಳು. ಆಮೇಲೆ ಇಬ್ಬರೂ ದಾರಿಯುದ್ದಕ್ಕೂ ಹೆಣ್ಣುಮಕ್ಕಳ ಕಷ್ಟಸುಖ ಮಾತಾಡಿದರು. ಹೂವು ಕೊನೆಗೆ ತಂಗಿಯ ಮನೆಯ ಕರಿಬೇವಿನ ಗಿಡದ ಬುಡ ಸೇರಿತು.

ಸಂಜೆ ತಂಗಿ ಖಾಲಿ ಹಾಲಿನ ಪಾಕೀಟನ್ನು ಚರಂಡಿಗೆ ಎಸೆಯಲು ಹೋದಳು. ಅವ್ವ ಒಳಗಿಂದಲೇ ಕೂಗಿದಳು: "ಅಲ್ಲಿ ಒಗೀಬ್ಯಾಡ ಬೇ! ಮಳಿ ಬಂದ್ರ ಹೊಳಿಗೆ ಹೋಗಿ ನಮ್ಮ ಹುಡುಗಿ ಗಂಡನ ಬಲಿಗೆ ಬೀಳ್ತದ!"

ತಂಗಿ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು. ನಮ್ಮವ್ವ ಇನ್ನೂ ಸಮುದ್ರವನ್ನೇ ನೋಡಿಲ್ಲ. ಅಲ್ಲಿಯವರ ಜೊತೆ ಬೀಗತನ ಮಾತ್ರ ಬೆಳೆಸಿಬಿಟ್ಟಿದ್ದಾಳೆ.