ಅವಳಂಥದೇ ಲ್ಯಾಪ್‌ಟಾಪ್

ಗೆಳತಿ ಆಪಲ್ ಕಂಪನಿಯ ಮ್ಯಾಕ್ ಲ್ಯಾಪ್‌ಟಾಪ್ ಕೊಂಡ ದಿನ ನಾನು ಮನಸಾರೆ ಖುಷಿಪಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಹೊಟ್ಟೆ ಉರಿಯಿತು. ಮುಚ್ಚಳ ತೆರೆದ ಕೂಡಲೇ ಬೆಳಗಿದ ಆ ಪರದೆಯ ಮುಂದೆ ನನ್ನ ವಿಂಡೋಸ್ ಲ್ಯಾಪ್‌ಟಾಪ್ ಅಟ್ಟದ ಮೇಲಿನ ಹಳೇ ಟ್ರಂಕಿನ ಹಾಗೆ ಕಂಡಿತು. ಚೆನ್ನಾಗಿದೆ ಅಂದೆ, ಎಷ್ಟು ಹಗುರ ಅಂದೆ, ಎತ್ತಿ ನೋಡಿ ಬೇಕೆಂದೇ ಸ್ವಲ್ಪ ಜೋರಾಗಿ ಕೆಳಗಿಟ್ಟೆ.

ನಾವಿಬ್ಬರೂ ಹೊಸಪೇಟೆಯಲ್ಲಿ ಒಂದು ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ವೆಬ್‌ಸೈಟ್ ಮಾಡುವವರು. ಹಂಪಿ ಕಡೆಯ ಹೋಂಸ್ಟೇಗಳು, ಕಂಪ್ಲಿಯ ಅಕ್ಕಿ ಗಿರಣಿಗಳು, ಸಂಡೂರಿನ ಲಾರಿ ಮಾಲೀಕರು ನಮ್ಮ ಗಿರಾಕಿಗಳು. ನಮ್ಮಲ್ಲೊಂದು ಪದ್ಧತಿ ಇತ್ತು. ಪುಟ ಕಟ್ಟಿದವಳು ಅದನ್ನು ತಾನೇ ಪಾಸು ಮಾಡುವಂತಿಲ್ಲ. ಇನ್ನೊಬ್ಬಳು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು, ಕಟ್ಟಿದವಳಿಗೆ ಸಿಟ್ಟು ಬರುವಷ್ಟು ತಪ್ಪು ಹುಡುಕಿ, ಆಮೇಲೆ ಹೂಂ ಅನ್ನಬೇಕು. ಹಾಗಾಗಿ ಅವಳ ಪ್ರತಿ ಕೆಲಸವನ್ನೂ ಊರಿಗಿಂತ ಮೊದಲು ನೋಡುವವಳು ನಾನು. ಬೇರೇನು ಬಿಟ್ಟುಕೊಟ್ಟರೂ ಈ ಹಕ್ಕನ್ನು ನಾನು ಯಾರಿಗೂ ಬಿಟ್ಟುಕೊಡುವವಳಾಗಿರಲಿಲ್ಲ.

ಮ್ಯಾಕ್ ಬಂದ ಮೇಲೆ ಕೋಣೆಯ ಹವೆಯೇ ಬದಲಾಯಿತು. ಮೆಟ್ಟಿಲು ಹತ್ತಿ ಬಂದ ಗಿರಾಕಿ ಕುರ್ಚಿ ಎಳೆದುಕೊಂಡು ಅವಳ ಮೇಜಿನ ಕಡೆಗೇ ಹೋಗುತ್ತಿದ್ದ. ಕಡ್ಡಿರಾಂಪುರದ ಹೋಂಸ್ಟೇ ಮಾಲೀಕರೊಬ್ಬರು, ನಾನು ಕಣ್ಣು ಕೆಂಪು ಮಾಡಿಕೊಂಡು ಕಟ್ಟಿದ ಪುಟವನ್ನು ಅವಳ ಪರದೆಯಲ್ಲಿ ನೋಡಿ, ಶಹಬ್ಬಾಸ್‌ಗಿರಿಯನ್ನೂ ಅವಳಿಗೇ ಕೊಟ್ಟು ಹೋದರು. ಚಿತ್ರದಲ್ಲಿದ್ದ ಹಂಪಿಯ ಬಂಡೆಗಳು ಅವಳ ಪರದೆಯಲ್ಲಿ ಹೊನ್ನಿನ ಬಣ್ಣ, ನನ್ನದರಲ್ಲಿ ಬೂದಿ ಬಣ್ಣ. ಇದು ಇವಳ ಕೆಲಸ ಎಂದು ಅವಳು ನನ್ನ ಕಡೆ ಕೈ ತೋರಿಸಿ ಹೇಳಿದ್ದು ನಿಜ. ಆ ಮಾತು ನನಗೆ ಇನ್ನಷ್ಟು ಚುಚ್ಚಿತು. ನನ್ನ ಪರವಾಗಿ ಅವಳು ಯಾಕೆ ಶಿಫಾರಸು ಮಾಡಬೇಕು?

ನನ್ನ ಲ್ಯಾಪ್‌ಟಾಪಿನ ಫ್ಯಾನು ಸಂಡೂರಿನ ಗಣಿಯ ಕೆಂಪು ಧೂಳು ತಿಂದು ತಿಂದು ಗರಗರ ಅನ್ನತೊಡಗಿದಾಗ ಹೊಸದು ಕೊಳ್ಳಲು ನೆಪ ಸಿಕ್ಕಿತು. ಮನೆಯವರ ಮುಂದೆ ನಾನು ಭಾರಿ ವಿಚಾರವಂತೆ. ವಿಂಡೋಸ್ ಆದರೆ ಗಿರಣಿಯವರ, ಲಾರಿಯವರ ಕಂಪ್ಯೂಟರುಗಳಿಗೆ ಹೊಂದುತ್ತದೆ ಅಂದೆ. ಲಿನಕ್ಸ್ ಆದರೆ ಸೈಟುಗಳನ್ನು ಇಡುವ ಸರ್ವರಿನಲ್ಲಿ ಓಡುವುದೂ ಅದೇ ಆದ್ದರಿಂದ ಇಲ್ಲಿ ನಡೆದದ್ದು ಅಲ್ಲೂ ನಡೆಯುತ್ತದೆ, ಮ್ಯಾಕ್ ಆದರೆ ಹಂಪಿಗೆ ಬರುವ ಪರದೇಶದವರ ಐಫೋನಿನಲ್ಲಿ ಪುಟ ಹೇಗೆ ಕಾಣುತ್ತದೆಂದು ಕೂತಲ್ಲೇ ಗೊತ್ತಾಗುತ್ತದೆ ಎಂದೆಲ್ಲ ಪಾಠ ಮಾಡಿದೆ. ಮೆಮೊರಿ ಎಷ್ಟು, ಕರೆಂಟು ಹೋದರೆ ಬ್ಯಾಟರಿ ಎಷ್ಟು ಹೊತ್ತು ಎಂದು ಅಂಗಡಿಯವರ ತಲೆ ತಿಂದೆ. ಎಲ್ಲ ಬರೀ ನಾಟಕ. ಮನಸ್ಸು ಮೊದಲ ದಿನವೇ ತೀರ್ಮಾನ ಮಾಡಿತ್ತು: ಅವಳಂಥದೇ ಬೇಕು, ಬಣ್ಣವೂ ಅದೇ ಇರಬೇಕು.

ಅವಳಿಗೆ ಹೇಳಿದಾಗ ಅವಳು ಚಹಾದ ಲೋಟ ಕೆಳಗಿಟ್ಟಳು.

“ಅದೊಂದು ತಗೋಬ್ಯಾಡ. ವಿಂಡೋಸೇ ತಗೋ, ಇಲ್ಲಾಂದ್ರ ಲಿನಕ್ಸ್ ಹಾಕ್ಕೋ. ನಂದೂ ನಿಂದೂ ಬ್ಯಾರೆ ಬ್ಯಾರೆ ಇದ್ರನ ಚಲೋ.”

ತಾನೊಬ್ಬಳೇ ಮೆರೆಯಬೇಕು, ನಾನು ಟ್ರಂಕು ಹೊತ್ತುಕೊಂಡೇ ಇರಬೇಕು ಅಂತ ಇವಳ ಲೆಕ್ಕಾಚಾರ ಎಂದು ನನ್ನೊಳಗೇ ಭಾಷಣ ಮಾಡಿಕೊಂಡೆ. ನಾನು ಕೊಂಡರೆ ನಿನಗ್ಯಾಕೆ ಹೊಟ್ಟೆಸಂಕಟ ಅಂತಲೂ ಕೇಳಿಬಿಟ್ಟೆ. ಅವಳು ಲೋಟ ಎತ್ತಿಕೊಂಡು ತನ್ನ ಪರದೆಯ ಕಡೆ ತಿರುಗಿದಳು. ಮರುದಿನವೇ ಹಳೆಯದನ್ನು ಅಂಗಡಿಗೆ ಬದಲಿ ಕೊಟ್ಟು ಹೊಸದು ತಂದೆ. ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಅವಳ ಮೇಜಿನ ಎದುರಿಗೇ ತೆರೆದಿಟ್ಟೆ. ಆಮೇಲೆ ಕೆಲವು ದಿನ ನಾನು ಬಹಳ ಸುಖವಾಗಿದ್ದೆ.

ಹೀಗಿರುವಾಗ ಕಂಪ್ಲಿಯ ಗಿರಣಿಯೊಂದರ ಸೈಟನ್ನು ಅವಳು ಕಟ್ಟಿ ಮುಗಿಸಿದಳು. ಪದ್ಧತಿಯ ಪ್ರಕಾರ ನಾನು ನನ್ನ ಮ್ಯಾಕಿನಲ್ಲಿ ತೆರೆದೆ. ಎಷ್ಟು ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಹೂಂ ಅಂದೆ.

ಇಬ್ಬರೂ ಬಸ್ಸಿನಲ್ಲಿ ಕಂಪ್ಲಿಗೆ ಹೋದೆವು. ಹಣೆತುಂಬ ವಿಭೂತಿ ಹಚ್ಚಿದ್ದ ಯಜಮಾನರು ಸೈಟು ನೋಡಲೆಂದು ಬೀಗರನ್ನೂ ಕರೆಸಿದ್ದರು. ಕುಂದ್ರಿ ಕುಂದ್ರಿ ಎಂದು ಚಹಾ ತರಿಸಿ, ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಸೈಟು ತೆರೆಸಿದರು. ಅವಳು ಆರಿಸಿದ್ದ ಕನ್ನಡ ಅಕ್ಷರದ ಮಾದರಿ ಮ್ಯಾಕಿನಲ್ಲಿ ಮಾತ್ರ ಇರುವಂಥದು. ಅದು ಸಿಗದೆ ಆ ಕಂಪ್ಯೂಟರು ತನ್ನ ಬಳಿ ಇದ್ದ ಬೇರೆ ಅಕ್ಷರ ಹಾಕಿಕೊಂಡಿತ್ತು. ಅಕ್ಷರಗಳು ದಪ್ಪವಾಗಿ, ಅವುಗಳಿಗೆಂದು ಬಿಟ್ಟ ಜಾಗದಲ್ಲಿ ಹಿಡಿಸದೆ, ಒತ್ತಕ್ಷರಗಳೆಲ್ಲ ಅರ್ಧಕ್ಕೆ ಕತ್ತರಿಸಿ ಹೋಗಿದ್ದವು. ಗಿರಣಿಗೆ ಯಜಮಾನರ ತಂದೆಯ ಹೆಸರು. ಆ ಹೆಸರಿಗೂ ಕೆಳಗಿನ ಭಾಗ ಇರಲಿಲ್ಲ. ಯಜಮಾನರು ಬೈಯಲಿಲ್ಲ. ಬೀಗರ ಮುಂದೆ ಕನ್ನಡಕ ತೆಗೆದು, ಒರೆಸಿಕೊಂಡು, ಮತ್ತೊಮ್ಮೆ ನೋಡಿದರು.

ವಾಪಸು ಬರುವಾಗ ನಾನು ವಾದ ಸಿದ್ಧಮಾಡಿಕೊಂಡೇ ಕೂತಿದ್ದೆ. ಅಕ್ಷರ ಆರಿಸಿದವಳು ನೀನು, ಪುಟ ಕಟ್ಟಿದವಳು ನೀನು ಎಂದು ಹೇಳುವವಳಿದ್ದೆ. ಅವಳು ತಪ್ಪು ಯಾರದೆಂಬ ಮಾತನ್ನೇ ತೆಗೆಯಲಿಲ್ಲ. ಕೋಣೆಗೆ ಬಂದವಳೇ ಕೂತು ಸರಿಮಾಡಿದಳು, ಯಜಮಾನರಿಗೆ ಫೋನು ಮಾಡಿ ಕ್ಷಮೆಯನ್ನೂ ಕೇಳಿದಳು.

ಸ್ವಲ್ಪ ದಿನಕ್ಕೆ ನಮ್ಮ ಕೋಣೆಗೆ ಮೂರನೆಯ ಮೇಜು ಬಂತು. ದೋಣಿಮಲೈ ಗಣಿ ಕ್ವಾರ್ಟರ್ಸಿನ ಹೆಂಗಸು, ವಯಸ್ಸಿನಲ್ಲಿ ನಮಗಿಂತ ದೊಡ್ಡವಳು, ಮನೆಯಲ್ಲೇ ಕೂತು ಇದೇ ಕೆಲಸ ಮಾಡಿಕೊಂಡಿದ್ದವಳು. ಮೂಲೆ ಒಡೆದ ಅವಳ ಲ್ಯಾಪ್‌ಟಾಪಿನಲ್ಲಿ ವಿಂಡೋಸೂ ಇದೆ, ಲಿನಕ್ಸೂ ಇದೆ. ಗೆಳತಿ ತನ್ನ ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡಳು. ಆ ಹೆಂಗಸು ತಪ್ಪು ಹುಡುಕುವುದೇನು, ಇವಳು ರೇಗುವುದೇನು, ಆಮೇಲೆ ಇಬ್ಬರೂ ಬಿದ್ದು ಬಿದ್ದು ನಗುವುದೇನು. ಮ್ಯಾಕಿನ ಮೇಲೆ ಬಂದದ್ದು ಹೊಟ್ಟೆಯುರಿಯೇ ಅಲ್ಲ ಎಂದು ನನಗೆ ಆಗ ಗೊತ್ತಾಯಿತು. ನಿಜವಾದದ್ದು ಇದು, ರಾತ್ರಿ ಊಟವನ್ನೂ ಸೇರಗೊಡುವುದಿಲ್ಲ.

ಮೊನ್ನೆ ಸಂಡೂರಿನ ಲಾರಿ ಮಾಲೀಕರ ಸೈಟು ಮುಗಿಯಿತು. ನನಗೆ ತೋರಿಸದೆಯೇ ಕಳಿಸುವವಳಿದ್ದಾಳೆಂದು ತಿಳಿದು ತಡೆಯಲಾರದೆ ಕೇಳಿದೆ, ನಾನು ನೋಡುವುದು ಬೇಡವೇ ಎಂದು. ಅವಳಿಗೆ ಸಿಟ್ಟೇನೂ ಇರಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು.

“ನಿನಗ ತೋರ್ಸಿ ಏನ್ ಮಾಡ್ಲಿ? ನನಗ ಹೆಂಗ ಕಾಣ್ತದೋ ನಿನಗೂ ಹಂಗ ಕಾಣ್ತದ.”

ಅಷ್ಟರಲ್ಲಿ ದೋಣಿಮಲೈಯವಳು ಸೈಟು ತೆರೆದು ಬೈಯಲು ಶುರುಮಾಡಿದ್ದಳು. ಗೆಳತಿ ಅತ್ತ ಓಡಿದಳು. ನಾನು ನನ್ನ ಮ್ಯಾಕಿನಲ್ಲಿ ಅದನ್ನೇ ತೆರೆದು ನೋಡಿದೆ. ಬಹಳ ಚೆನ್ನಾಗಿ ಕಾಣುತ್ತಿತ್ತು.