ಬಕೆಟ್ ಇಲ್ಲದ ಹೆರಿಗೆ

ಹೆರಿಗೆ ಕೋಣೆಯಲ್ಲಿ ಹಿರಿಯ ನರ್ಸ್ ದೊಡ್ಡಕ್ಕನ ಕೈ ಎಷ್ಟು ಚುರುಕೋ ಕಾಲೂ ಅಷ್ಟೇ ಚುರುಕು. ಹೊಕ್ಕುಳಬಳ್ಳಿ ಕತ್ತರಿಸಿದ್ದೇ ತಡ, ಬಲಗಾಲು ಮಂಚದಡಿಯ ಬಕೆಟ್ಟನ್ನು ತಾನಾಗಿ ಎಳೆದುಕೊಳ್ಳುತ್ತಿತ್ತು. ಬಳ್ಳಿಯ ತುದಿ ಅದರೊಳಗೆ ಬಿದ್ದು, ಬಳ್ಳಿಯಲ್ಲಿ ಉಳಿದ ರಕ್ತವೆಲ್ಲ ಅಲ್ಲೇ ಸುರಿದುಹೋಗುತ್ತಿತ್ತು. ಆ ಆಸ್ಪತ್ರೆಯ ನರ್ಸುಗಳೆಲ್ಲ ಆಕೆಯಿಂದ ಕಲಿತದ್ದೂ ಹಾಗೆಯೇ.

ಮುಂದೆ ಚಿಕಿತ್ಸೆಗೆ ಬೇಕಾದೀತೆಂದು ಆ ರಕ್ತವನ್ನು ಕೂಡಿಡುವ ಮಾತೆತ್ತಿದರೆ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. ಇಲ್ಲದ ಕಾಯಿಲೆಗಳ ಹೆಸರು ಹೇಳಿ ಬಸುರಿಯರನ್ನು ಹೆದರಿಸಿ, ಅದನ್ನು ಕಾದಿಡಲು ದುಡ್ಡು ಕೀಳುವ ಕಂಪನಿಯವರನ್ನು ಬಾಗಿಲಿನಿಂದಲೇ ಸಾಗಹಾಕುತ್ತಿದ್ದಳು. ಅದು ತಪ್ಪಲ್ಲ. ಅದೇ ಸಿಟ್ಟಿನಲ್ಲಿ ಆ ರಕ್ತದ ವಿಷಯ ತಿಳಿಯುವ ಗೋಜಿಗೇ ಹೋಗಿರಲಿಲ್ಲ, ಅದು ತಪ್ಪು.

ಈ ಸಲದ ಬಸುರಿಯ ಹಿರಿಮಗಳಿಗೆ ರಕ್ತದ ಕಾಯಿಲೆ. ಆಗಾಗ ಬೇರೆಯವರ ರಕ್ತ ಏರಿಸದಿದ್ದರೆ ಮಗು ಬಾಡಿಹೋಗುತ್ತಿತ್ತು. ಹುಟ್ಟಲಿರುವ ಕೂಸಿನ ಬಳ್ಳಿಯ ರಕ್ತ ಆ ಹುಡುಗಿಗೆ ಹೊಂದಿದರೆ ಅವಳು ಗುಣವಾಗಬಹುದೆಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಹಾಗಾದರೆ ಕೂಸಿನ ಪಾಲು ಕದ್ದಂತಲ್ಲವೇ ಎಂದು ದೊಡ್ಡಕ್ಕ ಪಟ್ಟು ಹಿಡಿದಳು. ಬಳ್ಳಿ ಕತ್ತರಿಸುವ ಮುನ್ನ ತುಸು ಕಾದು, ಅದರ ಪಾಲು ಅದಕ್ಕೆ ಸೇರಿದ ಮೇಲೆ ಉಳಿದದ್ದನ್ನಷ್ಟೇ ಹಿಡಿಯುವುದು ಎಂದು ಡಾಕ್ಟರಮ್ಮ ಹೇಳಿದಾಗ ಒಪ್ಪಿದಳು. ಒಪ್ಪಿದ್ದೇ ಬಂತು, ಊಟ ಸೇರದಷ್ಟು ಉಮೇದು. ಬಿಡುವಾದಾಗಲೆಲ್ಲ ಸೂಜಿ, ಚೀಲ ಹಿಡಿದು ಕೈ ಪಳಗಿಸಿಕೊಂಡಳು.

ಹೆರಿಗೆಯ ದಿನ ಆಯಾಳನ್ನು ಕರೆದು, "ಆ ಬಕೆಟ್ ಆಚೆ ತಗೊಂಡು ಹೋಗೇ," ಎಂದಳು.

"ಯಾಕಕ್ಕಾ, ತೊಳೆದೇ ಇಟ್ಟಿದೀನಲ್ಲ."

"ಬಕೆಟ್ ಮೇಲೆ ಅನುಮಾನ ಇಲ್ಲ ಕಣೇ, ನನ್ನ ಕಾಲಿನ ಮೇಲೆ."

ಗಂಡು ಕೂಸು. ಗಟ್ಟಿ ಗಂಟಲು. ಡಾಕ್ಟರಮ್ಮ ತಲೆಯಾಡಿಸುವವರೆಗೆ ದೊಡ್ಡಕ್ಕ ಕಾದು, ಬಳ್ಳಿ ಕತ್ತರಿಸಿದಳು. ಬಲಗಾಲು ಮಂಚದಡಿ ತಡಕಾಡಿ, ಏನೂ ಸಿಗದೆ ಪೆಚ್ಚಾಗಿ ನಿಂತಿತು. ಅಷ್ಟರಲ್ಲಿ ಸೂಜಿ ಬಳ್ಳಿಯ ರಕ್ತನಾಳಕ್ಕಿಳಿದಿತ್ತು. ಚೀಲದ ತಳ ಕೆಂಪಾಯಿತು. ಹರಿವು ಸೊರಗಿತು. ಚೀಲವನ್ನು ಇನ್ನಷ್ಟು ತಗ್ಗಿಸಿ ಹಿಡಿದಳು. ಮತ್ತೆ ಹರಿಯಿತು, ಚೀಲ ಉಬ್ಬುತ್ತ ಬಂತು.

ಡಾಕ್ಟರಮ್ಮ ತೂಗಿ ನೋಡಿ, "ಸಾಕಾಗುತ್ತೆ. ಇನ್ನು ಹೊಂದಬೇಕಷ್ಟೆ," ಎಂದರು.

ಹೊಂದಿತು. ಸುದ್ದಿ ಬಂದಾಗ ದೊಡ್ಡಕ್ಕ ಕುಣಿಯಲಿಲ್ಲ, ಅಳಲೂ ಇಲ್ಲ. ಎಳೆಯ ನರ್ಸುಗಳನ್ನು ಮಂಚದ ಸುತ್ತ ನಿಲ್ಲಿಸಿಕೊಂಡು, ಚಿಕಿತ್ಸೆ ಇನ್ನೂ ಬಾಕಿಯಿದೆ, ಈಗಲೇ ಹಿಗ್ಗಬೇಡಿ ಎಂದು ಗದರಿಸಿದಳು. ಹಾಗೆನ್ನುವಾಗ ಆಕೆಯ ಮುಖವೇ ಊರಗಲವಾಗಿತ್ತು.

"ನಾನು ಕಲಿಸಿದ್ದನ್ನ ಮೊದಲು ಮರೀರಿ," ಎಂದಳು.

"ಮರೆಯೋದು ಹೇಗಕ್ಕಾ?" ಒಬ್ಬಳು ಕೇಳಿದಳು.

ದೊಡ್ಡಕ್ಕ ಮತ್ತೆ ಮಂಚದಡಿ ಸೇರಿದ್ದ ಬಕೆಟ್ಟನ್ನು ಬಲಗಾಲಿನಿಂದ ಬಾಗಿಲಾಚೆಗೆ ತಳ್ಳಿದಳು.